1931: ವಿಯೆನ್ನಾದ ಬ್ಯಾಂಕು, ಮುತ್ತಜ್ಜಿಯ ಬಳೆ

2025ರ ಏಪ್ರಿಲ್‌ನಲ್ಲಿ ಚಿನ್ನದ ಬೆಲೆ ಹತ್ತು ಗ್ರಾಂಗೆ ಲಕ್ಷ ಮುಟ್ಟಿತಲ್ಲ, ಅವತ್ತಿನಿಂದ ನಮ್ಮೂರ ಬಸ್ ಸ್ಟ್ಯಾಂಡ್ ಎದುರಿನ ಚಿನ್ನದ ಸಾಲದ ಅಂಗಡಿಯಲ್ಲಿ ಒಂದೇ ಮಾತು: "ಇಡೋದಾ, ಮಾರೋದಾ?" ಒಂದು ದಿನ ನನ್ನ ಮುಂದೆ ನಿಂತಿದ್ದ ಹೆಂಗಸು ಕರ್ಚೀಫಿನ ಗಂಟು ಬಿಚ್ಚಿ ಒಂದು ಜೊತೆ ಬಳೆ ತಕ್ಕಡಿಗೆ ಇಟ್ಟರು. ಸವೆದು ನುಣುಪಾದ ಬಳೆ. "ನಮ್ಮತ್ತೆಯ ಅತ್ತೆಯದು" ಅಂದರು. ಯಾರೂ ಕೇಳಿರಲಿಲ್ಲ.

ಅತ್ತೆಯ ಅತ್ತೆ ಅಂದರೆ ಹೆಚ್ಚುಕಡಿಮೆ ನೂರು ವರ್ಷ. ಹಾಗಾದರೆ ಆ ಬಳೆ 1931 ದಾಟಿ ಬಂದಿದೆ. ಅದೇನು ಸಣ್ಣ ಸಂಗತಿಯಲ್ಲ. ಆ ವರ್ಷ ಶುರುವಾಗಿ ಮುಂದಿನ ಏಳೆಂಟು ವರ್ಷ ನಮ್ಮ ಹಳ್ಳಿಗಳ ಒಡವೆ ಕರಗಿ, ಗಟ್ಟಿಯಾಗಿ, ಬೊಂಬಾಯಿಯಲ್ಲಿ ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಯಾಕೆ ಹೋಯಿತು ಅಂತ ಹುಡುಕುತ್ತ ಹೊರಟರೆ ವಿಯೆನ್ನಾ, ಬರ್ಲಿನ್, ಟೋಕಿಯೋ ಎಲ್ಲ ಸುತ್ತಿ ಬರಬೇಕಾಗುತ್ತದೆ.

ಆರ್ಥಿಕ ಕುಸಿತ ಅಂದ ಕೂಡಲೇ ಎಲ್ಲರೂ 1929 ಅನ್ನುತ್ತಾರೆ. ನ್ಯೂಯಾರ್ಕ್ ಷೇರುಪೇಟೆ ಬಿದ್ದ ವರ್ಷ. ನನ್ನ ಪ್ರಕಾರ ಅದು ಬರೀ ಜ್ವರ. ಜಗತ್ತು ಹಾಸಿಗೆ ಹಿಡಿದದ್ದು 1931ರಲ್ಲಿ.

ಅದು ಅರ್ಥವಾಗಬೇಕಾದರೆ ಒಂದು ವಿಷಯ ಗೊತ್ತಿರಬೇಕು. ಆಗ ದೊಡ್ಡ ದೇಶಗಳ ನೋಟೆಲ್ಲ ಚಿನ್ನಕ್ಕೆ ಕಟ್ಟು ಬಿದ್ದಿತ್ತು. ಒಂದು ಪೌಂಡಿಗೆ ಇಷ್ಟು ಚಿನ್ನ, ಒಂದು ಡಾಲರಿಗೆ ಇಷ್ಟು. ಹಾಗಾಗಿ ಪೌಂಡಿಗೂ ಡಾಲರಿಗೂ ನಡುವಿನ ದರವೂ ಅಲ್ಲಾಡದು: ಪೌಂಡಿಗೆ 4.86 ಡಾಲರ್. ನೋಟಿನ ಮೇಲೆ ಜನಕ್ಕೆ ನಂಬಿಕೆ ಹೋದರೆ ಚಿನ್ನ ದೇಶ ಬಿಟ್ಟು ಹೋಗುತ್ತದೆ. ಅದನ್ನು ತಡೆಯಲು ಸರ್ಕಾರ ಬಡ್ಡಿ ಏರಿಸಬೇಕು, ಖರ್ಚು ಕಡಿಮೆ ಮಾಡಬೇಕು, ಸಂಬಳ ಕತ್ತರಿಸಬೇಕು. ಕೆಲಸ ಹೋದವರ ಗತಿ ಅಧೋಗತಿ. ಎಲ್ಲ ದೇಶಗಳೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗಿದ್ದವು. ಒಂದು ಮುಗ್ಗರಿಸಿದರೆ ಪಕ್ಕದ್ದಕ್ಕೂ ಕುತ್ತಿಗೆ ಉಳುಕು.

ವರ್ಷದ ಆರಂಭ ನೋಡಿದರೆ ಇದರ ಸುಳಿವೇ ಇಲ್ಲ. ಫೆಬ್ರವರಿಯಲ್ಲಿ ಹೊಸ ದೆಹಲಿಯ ಉದ್ಘಾಟನೆ, ಅದ್ದೂರಿ. ಕೆಲವೇ ದಿನದಲ್ಲಿ ಜೈಲಿಂದ ಬಿಡುಗಡೆಯಾಗಿದ್ದ ಗಾಂಧಿ ಅದೇ ಹೊಸ ಅರಮನೆಯ ಮೆಟ್ಟಿಲು ಹತ್ತಿ ವೈಸರಾಯ್ ಇರ್ವಿನ್ ಜೊತೆ ಮಾತಿಗೆ ಕೂತರು. ಚರ್ಚಿಲ್ ಅತ್ತ ಕಿಡಿಕಿಡಿಯಾದರು. ಮಾರ್ಚ್ 5ಕ್ಕೆ ಒಪ್ಪಂದ, 23ಕ್ಕೆ ಲಾಹೋರಿನಲ್ಲಿ ಭಗತ್ ಸಿಂಗ್, ರಾಜಗುರು, ಸುಖದೇವ್ ಅವರಿಗೆ ಗಲ್ಲು. ನಡುವೆ ಮಾರ್ಚ್ 14ರಂದು ಬೊಂಬಾಯಿಯ ಮೆಜೆಸ್ಟಿಕ್ ಟಾಕೀಸಿನಲ್ಲಿ 'ಆಲಂ ಆರಾ' ತೆರೆಕಂಡಿತು, ನಮ್ಮ ಮೊದಲ ಮಾತಿನ ಚಿತ್ರ. ಫೆಬ್ರವರಿ ಕೊನೆಗೆ ಜನಗಣತಿಯೂ ಮುಗಿಯಿತು. ಎಲ್ಲ ಜಾತಿಗಳ ಲೆಕ್ಕವನ್ನೂ ಪೂರ್ತಿಯಾಗಿ ಅಚ್ಚು ಹಾಕಿದ ಕೊನೆಯ ಗಣತಿ ಅದು. ಮುಂದೆ ಮಂಡಲ್ ಆಯೋಗ ಕೂಡ ಅದೇ ಹಳೇ ಪುಸ್ತಕ ತೆಗೆದು ಲೆಕ್ಕ ಹಾಕಬೇಕಾಯಿತು. ಜಾತಿಗಣತಿಯ ಇವತ್ತಿನ ಜಗಳದಲ್ಲಿ '1931' ಪದೇ ಪದೇ ಕಿವಿಗೆ ಬೀಳುವುದು ಇದಕ್ಕೇ. ಅದು ಬೇರೆಯೇ ಕಥೆ, ಇನ್ನೊಮ್ಮೆ ನೋಡೋಣ.

ಮೇ 1ರಂದು ವಾಷಿಂಗ್ಟನ್‌ನಲ್ಲಿ ಕೂತು ಅಧ್ಯಕ್ಷ ಹೂವರ್ ಒಂದು ಗುಂಡಿ ಒತ್ತಿದರು. ನ್ಯೂಯಾರ್ಕ್‌ನಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ದೀಪಗಳು ಹತ್ತಿದವು. 102 ಅಂತಸ್ತು, ಜಗತ್ತಿಗೇ ಎತ್ತರ. ಬಾಡಿಗೆಗೆ ಬರುವವರು ಮಾತ್ರ ಇಲ್ಲ. ಜನ ಅದನ್ನು 'ಎಂಪ್ಟಿ ಸ್ಟೇಟ್' ಅಂತ ಕರೆದು ನಕ್ಕರು.

ಹತ್ತೇ ದಿನ ಕಳೆದಿರಬೇಕು. ಮೇ 11ರಂದು ವಿಯೆನ್ನಾದ ಕ್ರೆಡಿಟ್‌ಆನ್‌ಸ್ಟಾಲ್ಟ್ ಬ್ಯಾಂಕು ತನಗೆ 14 ಕೋಟಿ ಶಿಲ್ಲಿಂಗ್ ನಷ್ಟ ಎಂದು ಹೇಳಿಕೊಂಡಿತು. 1855ರಲ್ಲಿ ರಾತ್‌ಶೀಲ್ಡ್ ಮನೆತನ ಕಟ್ಟಿದ ಬ್ಯಾಂಕು, ಆಸ್ಟ್ರಿಯಾದ ಅತಿ ದೊಡ್ಡದು. ದೇಶದ ಕಾರ್ಖಾನೆಗಳಲ್ಲಿ ಬಹಳಷ್ಟು ಅದರ ಸಾಲದ ಮೇಲೇ ನಿಂತಿದ್ದವು. 1929ರಲ್ಲಿ ಮುಳುಗುತ್ತಿದ್ದ ಇನ್ನೊಂದು ಬ್ಯಾಂಕನ್ನು ಸರ್ಕಾರದ ಒತ್ತಾಯಕ್ಕೆ ಇದರ ಕೊರಳಿಗೆ ಕಟ್ಟಿದ್ದರು. ಒಳಗಿನ ಕೊಳೆ ಎರಡು ವರ್ಷ ಮುಚ್ಚಿಟ್ಟಿದ್ದು ಈಗ ಹೊರಗೆ ಬಿತ್ತು. ಮಾರನೇ ದಿನವೇ ಜನ ದುಡ್ಡು ತೆಗೆಯಲು ನಿಂತರು.

ಇಲ್ಲಿ ಒಂದು ಚಿಲ್ಲರೆ ಹಠ ಇದೆ. ಅದನ್ನು ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ಅದೇ ಮಾರ್ಚ್‌ನಲ್ಲಿ ಜರ್ಮನಿ, ಆಸ್ಟ್ರಿಯಾ ಸೇರಿ ಸುಂಕದ ಒಕ್ಕೂಟ ಮಾಡಿಕೊಳ್ಳುತ್ತೇವೆ ಎಂದಿದ್ದವು. ಫ್ರಾನ್ಸ್‌ಗೆ ಉರಿ. ಎರಡೂ ಒಂದಾಗಿಬಿಟ್ಟರೆ ಮುಂದೇನು ಗತಿ ಎಂಬ ಭಯ. ಆಗ ಜೇಬಲ್ಲಿ ಚಿನ್ನ ಇದ್ದದ್ದೂ ಫ್ರಾನ್ಸ್ ಬಳಿಯೇ. ಸಾಲ ಬೇಕಾ, ಮೊದಲು ಒಕ್ಕೂಟ ಬಿಡಿ ಎಂದಿತು. ಕೊನೆಗೆ ಬ್ಯಾಂಕ್ ಆಫ್ ಇಂಗ್ಲೆಂಡ್ ತಾನೇ ಒಂದಿಷ್ಟು ಕೈಗಡ ಕೊಟ್ಟಿತು. ಹೊತ್ತು ಮೀರಿತ್ತು. ಹಠ ಹಿಡಿದ ಫ್ರಾನ್ಸಿಗೂ ಅದರದ್ದೇ ಕಾರಣ ಇತ್ತು ಬಿಡಿ. ಹದಿಮೂರು ವರ್ಷದ ಹಿಂದೆ ಮುಗಿದ ಯುದ್ಧದ ಗಾಯ ಇನ್ನೂ ಒಣಗಿರಲಿಲ್ಲ. ಈ ವರ್ಷದ ಉದ್ದಕ್ಕೂ ಇದೇ ಪಾಡು. ಒಬ್ಬೊಬ್ಬರ ಲೆಕ್ಕ ಬಿಡಿಬಿಡಿಯಾಗಿ ನೋಡಿದರೆ ಸರಿಯಾಗೇ ಇದೆ. ಕೂಡಿಸಿದರೆ ಹಾಳು.

ಆ ವಿಯೆನ್ನಾದಲ್ಲೇ ಅದೇ ವರ್ಷ ಕುರ್ಟ್ ಗೋಡೆಲ್ ಎಂಬ ಹುಡುಗ, ಗಣಿತದ ಎಲ್ಲ ಸತ್ಯಗಳನ್ನೂ ಅದರ ನಿಯಮಗಳ ಒಳಗೇ ಸಾಧಿಸಿ ತೋರಿಸಲು ಆಗುವುದಿಲ್ಲ ಎಂಬ ಪ್ರಮೇಯ ಪ್ರಕಟಿಸಿದ. ಬ್ಯಾಂಕಿಗೂ ಇದಕ್ಕೂ ಸಂಬಂಧ ಇಲ್ಲ. ಸುಮ್ನೆ ನೆನಪಾಯಿತು.

ಬೆಂಕಿ ಬರ್ಲಿನ್ ತಲುಪಲು ಎರಡೇ ತಿಂಗಳು ಸಾಕಾಯಿತು. ಪರದೇಶದವರು ಜರ್ಮನಿಯಿಂದ ದುಡ್ಡು ಎಳೆದುಕೊಳ್ಳತೊಡಗಿದರು. ಜೂನ್ 20ರಂದು ಹೂವರ್, ಯುದ್ಧದ ಸಾಲ ಮತ್ತು ಸೋತ ಜರ್ಮನಿ ಗೆದ್ದವರಿಗೆ ಕಟ್ಟಬೇಕಿದ್ದ ಪರಿಹಾರದ ಕಂತುಗಳನ್ನು ಒಂದು ವರ್ಷ ನಿಲ್ಲಿಸೋಣ ಅಂದರು. ಒಳ್ಳೆಯ ಮಾತು. ಫ್ರಾನ್ಸ್ ಒಪ್ಪುವಾಗ ಜುಲೈ 6. ಜುಲೈ 13ಕ್ಕೆ ಡಾನಾಟ್ ಬ್ಯಾಂಕು ಬಾಗಿಲು ಹಾಕಿತು, ಮರುದಿನ ದೇಶದ ಬ್ಯಾಂಕುಗಳೆಲ್ಲ ರಜೆ. ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಹಾನ್ಸ್ ಲೂಥರ್ ವಿಮಾನ ಹತ್ತಿ ಲಂಡನ್, ಪ್ಯಾರಿಸ್ ಅಂತ ಸಾಲ ಕೇಳುತ್ತ ಅಲೆದರು. ಬರಿಗೈಯಲ್ಲಿ ಬಂದರು. ಚಾನ್ಸಲರ್ ಬ್ರೂನಿಂಗ್ ಮಾಡಿದ್ದು ಅವರಿಗೆ ಗೊತ್ತಿದ್ದ ಒಂದೇ ಔಷಧ: ಸಂಬಳ ಕಡಿತ, ಪಿಂಚಣಿ ಕಡಿತ, ತೆರಿಗೆ ಏರಿಕೆ. ಕೆಲವೇ ತಿಂಗಳಲ್ಲಿ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷ ಮುಟ್ಟಿತು. 1930ರಲ್ಲಿ ಹಿಟ್ಲರನ ಪಕ್ಷಕ್ಕೆ ಇದ್ದದ್ದು 107 ಸೀಟು, 1932ರ ಜುಲೈಯಲ್ಲಿ 230. ನಡುವೆ ಇರುವುದು ಈ ವರ್ಷ.

ಮುಂದಿನ ಸರದಿ ಲಂಡನ್ನಿನದು. ಜರ್ಮನಿಯಲ್ಲಿ ಸಿಕ್ಕಿಬಿದ್ದ ಬ್ರಿಟಿಷ್ ದುಡ್ಡು ವಾಪಸು ಬರುವಂತಿರಲಿಲ್ಲ. ಜುಲೈ 31ಕ್ಕೆ ಒಂದು ಸಮಿತಿ ಬಜೆಟ್‌ನಲ್ಲಿ 12 ಕೋಟಿ ಪೌಂಡ್ ಕೊರತೆ ಬರುತ್ತದೆ, ನಿರುದ್ಯೋಗಿಗಳ ಭತ್ಯೆ ಕತ್ತರಿಸಿ ಎಂದು ವರದಿ ಕೊಟ್ಟಿತು. ಲೇಬರ್ ಸರ್ಕಾರ ಅದರ ಮೇಲೆಯೇ ಒಡೆದುಹೋಯಿತು. ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ತಮ್ಮದೇ ಪಕ್ಷ ಬಿಟ್ಟು ವಿರೋಧಿಗಳ ಜೊತೆ 'ರಾಷ್ಟ್ರೀಯ ಸರ್ಕಾರ' ಕಟ್ಟಿದರು. ಸೆಪ್ಟೆಂಬರ್ ಮಧ್ಯದಲ್ಲಿ ಸ್ಕಾಟ್‌ಲೆಂಡಿನ ಇನ್ವರ್‌ಗಾರ್ಡನ್ ಬಂದರಿನಲ್ಲಿ ಸಂಬಳ ಕಡಿತದ ಸುದ್ದಿ ಕೇಳಿದ ನೌಕಾಪಡೆಯ ನಾವಿಕರು ಹಡಗು ಬಿಡುವುದಿಲ್ಲ ಎಂದು ಕೂತುಬಿಟ್ಟರು. ಬ್ರಿಟಿಷ್ ನೌಕಾಪಡೆಯಲ್ಲಿ ಮುಷ್ಕರ! ಇದನ್ನು ಕೇಳಿದ ಮೇಲೆ ಪೌಂಡನ್ನು ಯಾರು ನಂಬುತ್ತಾರೆ?

ಇಲ್ಲಿಂದ ನಾಲ್ಕು ದಿನ ನಿಧಾನವಾಗಿ ನೋಡಬೇಕು.

ಸೆಪ್ಟೆಂಬರ್ 18, ಶುಕ್ರವಾರ ರಾತ್ರಿ. ಚೀನಾದ ಈಶಾನ್ಯ ಮೂಲೆಯ ಮಂಚೂರಿಯಾದಲ್ಲಿ, ಮುಕ್ಡೆನ್ ನಗರದ ಹತ್ತಿರ ಜಪಾನಿನ ರೈಲು ಹಳಿಯ ಪಕ್ಕ ಒಂದು ಸ್ಫೋಟ. ಇಟ್ಟವರು ಜಪಾನಿನ ಕ್ವಾಂಟುಂಗ್ ಸೇನೆಯವರೇ. ಹಳಿಗೆ ಎಷ್ಟು ಕಡಿಮೆ ಪೆಟ್ಟಾಗಿತ್ತು ಅಂದರೆ, ಸ್ವಲ್ಪ ಹೊತ್ತಿನಲ್ಲೇ ಒಂದು ರೈಲು ಅದರ ಮೇಲೇ ಹಾದು ಮುಕ್ಡೆನ್ ಸೇರಿತು. ಆದರೂ "ಚೀನೀಯರು ಹಳಿ ಸ್ಫೋಟಿಸಿದರು" ಎಂದು ಬೆಳಗಾಗುವುದರೊಳಗೆ ಸೇನೆ ಊರು ಹಿಡಿಯಿತು. ಟೋಕಿಯೋದ ಸರ್ಕಾರಕ್ಕೇ ಹೇಳಿರಲಿಲ್ಲ. ಸೇನೆಗೆ ಇಷ್ಟು ಧೈರ್ಯ ಬಂದದ್ದು ಹೇಗೆ? ಜಪಾನ್ 1930ರ ಜನವರಿಯಲ್ಲಿ, ಅದೂ ಎಂಥ ಹೊತ್ತಿನಲ್ಲಿ, ಚಿನ್ನದ ನೊಗಕ್ಕೆ ಮತ್ತೆ ಕುತ್ತಿಗೆ ಕೊಟ್ಟಿತ್ತು. ಅಮೆರಿಕದಲ್ಲಿ ರೇಷ್ಮೆ ಕೇಳುವವರಿಲ್ಲ, ಹಳ್ಳಿಗಳು ಬಡವಾದವು, ಮಂತ್ರಿಗಳ ಮೇಲೆ ಜನಕ್ಕೆ ಸಿಟ್ಟು. ಸೇನೆಯವರು ಹೀರೋಗಳಾದರು. ಚೀನಾ ಅದೇ ಬೇಸಿಗೆಯಲ್ಲಿ ಯಾಂಗ್ಟ್ಸಿ ನದಿಯ ಭೀಕರ ನೆರೆಯಲ್ಲಿ ಮುಳುಗಿತ್ತು, ವುಹಾನ್ ನೀರಲ್ಲಿತ್ತು. ತಡೆಯುವ ಶಕ್ತಿ ಯಾರಿಗಿತ್ತು?

ಸೆಪ್ಟೆಂಬರ್ 21, ಸೋಮವಾರ. ಬ್ರಿಟನ್ ಚಿನ್ನದ ಕಟ್ಟು ಬಿಚ್ಚಿತು. ಪೌಂಡ್ ಕೊಟ್ಟರೆ ಇನ್ನು ಚಿನ್ನ ಸಿಗದು. ಪ್ರಳಯವಾಗುತ್ತದೆ ಅಂದುಕೊಂಡಿದ್ದರು, ಆಗಲಿಲ್ಲ. ಪೌಂಡ್ ವರ್ಷದ ಕೊನೆಗೆ 3.40 ಡಾಲರಿನ ಆಸುಪಾಸಿಗೆ ಇಳಿಯಿತು, ಬ್ರಿಟಿಷ್ ಸಾಮಾನು ಅಗ್ಗವಾಯಿತು, ಉಸಿರಾಡಲು ಜಾಗ ಸಿಕ್ಕಿತು. ಆಗಸ್ಟ್‌ನಲ್ಲಿ ಕುರ್ಚಿ ಕಳೆದುಕೊಂಡ ಮಂತ್ರಿಯೊಬ್ಬರು "ಹೀಗೂ ಮಾಡಬಹುದು ಅಂತ ನಮಗೆ ಯಾರೂ ಹೇಳಲೇ ಇಲ್ಲವಲ್ಲ" ಎಂದರಂತೆ. ಯಾವ ಕಟ್ಟನ್ನು ಉಳಿಸಲು ಸರ್ಕಾರವನ್ನೇ ಬಲಿಕೊಟ್ಟರೋ ಅದು ತಿಂಗಳೊಪ್ಪತ್ತಿನಲ್ಲಿ ಬಿಚ್ಚಿಹೋಗಿತ್ತು.

ಅದೇ ದಿನ ರೂಪಾಯಿಯ ಹಣೆಬರಹವೂ ತೀರ್ಮಾನವಾಯಿತು. ಸಿಮ್ಲಾದಲ್ಲಿ ವೈಸರಾಯ್ ವಿಲಿಂಗ್ಡನ್ ಒಂದು ಸುಗ್ರೀವಾಜ್ಞೆ ಹೊರಡಿಸಿ ಚಿನ್ನ ಮತ್ತು ಪೌಂಡ್ ಮಾರಾಟ ನಿಲ್ಲಿಸಿದರು. ಅತ್ತ ಲಂಡನ್ನಿನಲ್ಲಿ ಭಾರತ ಮಂತ್ರಿ ಸ್ಯಾಮ್ಯುಯಲ್ ಹೋರ್, ರೂಪಾಯಿ ಪೌಂಡಿನ ಜೊತೆಗೇ ಇರುತ್ತದೆ, ದರ ರೂಪಾಯಿಗೆ ಅದೇ 1 ಶಿಲ್ಲಿಂಗ್ 6 ಪೆನ್ಸ್ (ಅಂದರೆ 18 ಪೆನ್ಸ್) ಎಂದು ದುಂಡುಮೇಜಿನ ಪರಿಷತ್ತಿನ ಪ್ರತಿನಿಧಿಗಳ ಮುಂದೆ ಸಾರಿದರು. ಇಲ್ಲಿನ ಅಧಿಕಾರಿಗಳಿಗೆ ರೂಪಾಯಿ ತಾನಾಗಿ ಇಳಿಯಲಿ ಎಂಬ ಆಸೆ ಇತ್ತು. ಲಂಡನ್ ಬಿಡಲಿಲ್ಲ. 18 ಪೆನ್ಸಿನ ದರ ಜಾಸ್ತಿಯಾಯಿತು, 16 ಸಾಕು ಎಂದು ಪುರುಷೋತ್ತಮದಾಸ್ ಠಾಕೂರದಾಸರಂಥ ಬೊಂಬಾಯಿಯ ವ್ಯಾಪಾರಿಗಳು 1926ರಿಂದ ಬಡಿದುಕೊಳ್ಳುತ್ತಿದ್ದರು. ಎರಡು ಪೆನ್ಸಿನ ಜಗಳ, ಕೇಳಿದರೆ ನಗು ಬರುತ್ತದೆ. ಆ ಎರಡು ಪೆನ್ಸ್ ಉಳಿಸಲು ಸರ್ಕಾರ ನಾಲ್ಕೈದು ವರ್ಷ ಪೇಟೆಯಿಂದ ದುಡ್ಡು ಹೀರಿಕೊಂಡಿತ್ತು. ಬೆಳೆ ಬೆಲೆ ಮೊದಲೇ ಬೀಳುತ್ತಿದ್ದಾಗ ಇದು ಗಾಯದ ಮೇಲೆ ಬರೆ.

ಮಾರನೇ ದಿನ, ಸೆಪ್ಟೆಂಬರ್ 22. ಪೂರ್ವ ಲಂಡನ್ನಿನ ಕ್ಯಾನಿಂಗ್ ಟೌನ್‌ನಲ್ಲಿ ಒಬ್ಬ ಭಾರತೀಯ ಡಾಕ್ಟರರ ಸಣ್ಣ ಮನೆ. ಹೊರಗೆ ಜನವೋ ಜನ. ಒಳಗೆ ದುಂಡುಮೇಜಿನ ಪರಿಷತ್ತಿಗೆಂದು ಬಂದಿದ್ದ ಗಾಂಧಿ ಮತ್ತು ಚಾರ್ಲಿ ಚಾಪ್ಲಿನ್ ಅಕ್ಕಪಕ್ಕ ಕೂತಿದ್ದಾರೆ. ಗಾಂಧಿಗೆ ಚಾಪ್ಲಿನ್ ಯಾರೆಂದೇ ಸರಿಯಾಗಿ ಗೊತ್ತಿರಲಿಲ್ಲ. ಚಾಪ್ಲಿನ್ ಕೇಳಿದ್ದು ಯಂತ್ರಗಳ ಬಗ್ಗೆ: ನಿಮಗೆ ಅವುಗಳ ಮೇಲೆ ಯಾಕಿಷ್ಟು ಕೋಪ? ಗಾಂಧಿಯ ಉತ್ತರದ ಸಾರ ಇಷ್ಟು: ಯಂತ್ರ ನಮ್ಮನ್ನು ಇಂಗ್ಲೆಂಡಿಗೆ ಅಡಿಯಾಳಾಗಿಸಿದೆ, ಅದಕ್ಕೇ ನಮ್ಮ ನೂಲು ನಾವೇ ತೆಗೆಯುತ್ತೇವೆ. ಹಿಂದಿನ ದಿನ ಅದೇ ಊರಿನಲ್ಲಿ ಅವರ ದೇಶದ ನಾಣ್ಯದ ಬಗ್ಗೆ ಅವರನ್ನು ಕೇಳದೇ ತೀರ್ಮಾನ ಮಾಡಿದ್ದರು. ನಾಲ್ಕು ದಿನ ಬಿಟ್ಟು ಗಾಂಧಿ ಲಂಕಾಶೈರಿನ ಡಾರ್ವೆನ್‌ಗೆ ಹೋದರು, ಖಾದಿ ಚಳವಳಿಯಿಂದ ಪೆಟ್ಟು ತಿಂದ ಗಿರಣಿ ಊರು. ಕೆಲಸ ಕಳೆದುಕೊಂಡ ಹೆಂಗಸರು ಅವರ ಸುತ್ತ ನಿಂತು ಜೈಕಾರ ಹಾಕುತ್ತಿರುವ ಫೋಟೋ ನೀವೂ ನೋಡಿರುತ್ತೀರಿ. ನಿಮ್ಮಲ್ಲಿ 30 ಲಕ್ಷ ಜನಕ್ಕೆ ಕೆಲಸ ಇಲ್ಲ, ನಮ್ಮಲ್ಲಿ ಸುಮಾರು 30 ಕೋಟಿ ಜನಕ್ಕೆ ವರ್ಷದಲ್ಲಿ ಅರ್ಧ ಕಾಲ ಇಲ್ಲ ಎಂದು ಅವರಿಗೆ ಹೇಳಿದರು.

ಈಗ ಬಳೆಗೆ ಬರೋಣ.

ಒಬ್ಬ ರೈತನನ್ನು ಊಹಿಸಿಕೊಳ್ಳಿ. 1928ರಲ್ಲಿ ಮಗಳ ಮದುವೆಗೆ ನೂರು ರೂಪಾಯಿ ಸಾಲ ಮಾಡಿದ್ದಾನೆ. ಆಗ ಹತ್ತು ಮೂಟೆ ಮಾರಿದರೆ ಸಾಲ ತೀರುತ್ತಿತ್ತು ಅನ್ನಿ. 1931ರ ಹೊತ್ತಿಗೆ ಗೋಧಿ, ಹತ್ತಿ, ಸೆಣಬು ಎಲ್ಲದರ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಬಿದ್ದಿದೆ. ಈಗ ಇಪ್ಪತ್ತು ಮೂಟೆ ಬೇಕು. ಕಂದಾಯ ಮಾತ್ರ ರೂಪಾಯಿ ಲೆಕ್ಕದಲ್ಲಿ ಅಷ್ಟೇ ಇದೆ. ಸಾಹುಕಾರನಿಗೂ ಮೇಲಿನಿಂದ ಒತ್ತಡ, ಅವನು ಬಾಗಿಲಲ್ಲಿ ಕೂತಿದ್ದಾನೆ. ಆ ವರ್ಷಗಳಲ್ಲಿ ನಮ್ಮ ಅಂಕೋಲಾ, ಸಿದ್ದಾಪುರದ ರೈತರು ಕಂದಾಯ ಕೊಡುವುದಿಲ್ಲ ಎಂದು ನಿಂತು ಹೊಲಮನೆ ಕಳೆದುಕೊಂಡರು. ಅದು ಸ್ವರಾಜ್ಯದ ಹೋರಾಟ, ನಿಜ. ಕೊಡಲು ಕೈಯಲ್ಲಿ ಕಾಸಿಲ್ಲದ ಕಾಲವೂ ಅದೇ.

ಮನೆಯಲ್ಲಿ ಉಳಿದಿರುವುದು ಹೆಂಡತಿಯ ಒಡವೆ. 1931ರ ಸೆಪ್ಟೆಂಬರ್‌ವರೆಗೆ ಒಂದು ತೊಲ ಚಿನ್ನಕ್ಕೆ ಸುಮಾರು 21 ರೂಪಾಯಿ, ಕಾನೂನಿನಲ್ಲೇ ಬರೆದ ದರ 21 ರೂಪಾಯಿ 3 ಆಣೆ 10 ಪೈ. ಪೌಂಡ್ ಬಿದ್ದ ಕೂಡಲೇ, ಅದಕ್ಕೆ ಕಟ್ಟಿದ ರೂಪಾಯಿಯೂ ಚಿನ್ನದ ಎದುರು ಬಿತ್ತು. ಡಿಸೆಂಬರ್ ಹೊತ್ತಿಗೆ ಚಿನ್ನದ ಬೆಲೆ ಸುಮಾರು ಮೂರನೇ ಒಂದು ಭಾಗ ಏರಿತ್ತು. ಐದು ತೊಲದ ಬಳೆಗೆ ಆಗಸ್ಟ್‌ನಲ್ಲಿ 106 ರೂಪಾಯಿ ಬರುತ್ತಿದ್ದರೆ ಈಗ 140ರ ಹತ್ತಿರ. ಊರಿನ ಅಕ್ಕಸಾಲಿ ತೂಗಿದ, ಪೇಟೆಯ ಸರಾಫ ಕೊಂಡ, ಕರಗಿಸಿದ, ಬೊಂಬಾಯಿಗೆ ಕಳಿಸಿದ. ಬಳೆಯ ಮೇಲಿನ ಕೆತ್ತನೆಗೆ ಕಾಸೂ ಬೆಲೆ ಇಲ್ಲ. ತೂಕ ಅಷ್ಟೇ.

1931–32ರ ಒಂದೇ ಹಣಕಾಸು ವರ್ಷದಲ್ಲಿ ಹೀಗೆ ಹೊರಗೆ ಹೋದ ಚಿನ್ನದ ಬೆಲೆ ಸುಮಾರು 58 ಕೋಟಿ ರೂಪಾಯಿ. ತೂಕದಲ್ಲಿ 200 ಟನ್ನಿಗೂ ಜಾಸ್ತಿ. ಇದು ಎಷ್ಟೆಂದು ಗೊತ್ತಾಗಬೇಕಾದರೆ ಕೋಲಾರ ನೆನಪಿಸಿಕೊಳ್ಳಿ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಆ ಗಣಿಗಳಲ್ಲಿ ಒಂದೂವರೆ ಕಿಲೋಮೀಟರಿಗೂ ಆಳಕ್ಕೆ ಇಳಿದು, ಬಿಸಿಗೆ ಬೆಂದು, ಕಾರ್ಮಿಕರು ವರ್ಷಕ್ಕೆ ಮೇಲೆ ತರುತ್ತಿದ್ದದ್ದು ಸುಮಾರು 10 ಟನ್. ಅದರ ಇಪ್ಪತ್ತು ಪಟ್ಟು ಚಿನ್ನ ಯಾರೂ ಗುದ್ದಲಿ ಮುಟ್ಟದೆ ಅಡುಗೆಮನೆಯ ಡಬ್ಬಗಳಿಂದ, ಹೆಂಗಸರ ಕೈಗಳಿಂದ ಹೊರಟಿತು. ಬ್ರಿಟನ್ನಿನ ಹಣಕಾಸು ಮಂತ್ರಿ ನೆವಿಲ್ ಚೇಂಬರ್ಲಿನ್ ತಮ್ಮ ತಂಗಿಗೆ ಬರೆದ ಕಾಗದದಲ್ಲಿ ಭಾರತದಲ್ಲಿ ತಮಗೆ ಸಿಕ್ಕ ಅಚ್ಚರಿಯ ಚಿನ್ನದ ಗಣಿ ಎಂದು ಹಿಗ್ಗಿದ್ದು ಇದನ್ನೇ. ಆಗಸ್ಟ್‌ನಲ್ಲಿ ಬ್ರಿಟನ್ ನ್ಯೂಯಾರ್ಕ್, ಪ್ಯಾರಿಸ್‌ಗಳಿಂದ 13 ಕೋಟಿ ಪೌಂಡ್ ಸಾಲ ಎತ್ತಿತ್ತು. ಅದನ್ನು ತೀರಿಸಲು ಈ ಹರಿವು ಒದಗಿಬಂತು.

ಭಾರತದ ವ್ಯಾಪಾರಿ ಸಂಘಗಳು ಚಿನ್ನದ ರಫ್ತು ನಿಲ್ಲಿಸಿ ಎಂದು ಕೂಗಿದವು. ವೈಸರಾಯ್ ಮಂಡಳಿಯ ಹಣಕಾಸು ಸದಸ್ಯ ಜಾರ್ಜ್ ಶುಸ್ಟರ್ ಒಪ್ಪಲಿಲ್ಲ. ಅಗ್ಗಕ್ಕೆ ಕೊಂಡಿದ್ದನ್ನು ಒಳ್ಳೆ ಬೆಲೆಗೆ ಮಾರುತ್ತಿದ್ದಾರೆ, ಲಾಭ ಅಲ್ವಾ ಎಂಬ ವಾದ. ಪೂರ್ತಿ ಸುಳ್ಳೇನಲ್ಲ. ಲಾಭಕ್ಕೆ ಮಾರಿದವರೂ ಇದ್ದರು, ಮಧ್ಯದಲ್ಲಿ ಕಾಸು ಮಾಡಿದ ಸರಾಫರಂತೂ ಇದ್ದೇ ಇದ್ದರು. ಆದರೆ ಬಳೆ ಮಾರಿ ಸಾಹುಕಾರನಿಗೆ ಕೊಟ್ಟವಳ ಕೈಯಲ್ಲಿ ಆ 'ಲಾಭ' ಎಷ್ಟು ಹೊತ್ತು ನಿಂತಿತು? ಬೆಲೆ ಏರಿದ್ದು ಮಾರಲು ಅನುಕೂಲವಾಯಿತು. ಮಾರಬೇಕಾದ ಸ್ಥಿತಿ ತಂದದ್ದು ಬೇರೆಯೇ. ಈ ಎರಡನ್ನು ಬೆರೆಸಿ ಮಾತಾಡುವವರು ಇವತ್ತೂ ಇದ್ದಾರೆ. ಚಿನ್ನ ಏರಿದಾಗ ಚಿನ್ನದ ಸಾಲ ಜಾಸ್ತಿಯಾದರೆ ಅದನ್ನು ಸಮೃದ್ಧಿಯ ಲೆಕ್ಕಕ್ಕೆ ಬರೆಯುತ್ತಾರೆ.

ಮೈಸೂರು ಸಂಸ್ಥಾನಕ್ಕೆ ಸ್ವಂತ ನಾಣ್ಯ ಇರಲಿಲ್ಲ, ಅಲ್ಲೂ ಅದೇ ರೂಪಾಯಿ. ದಿವಾನ್ ಮಿರ್ಜಾ ಇಸ್ಮಾಯಿಲ್ ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದರು. ಆದರೆ ಆ ಮೇಜಿನ ಮೇಲೆ ನಾಣ್ಯದ ದರ ಚರ್ಚೆಗೆ ಬರುವ ವಸ್ತುವೇ ಆಗಿರಲಿಲ್ಲ. ಡಿಸೆಂಬರ್‌ನಲ್ಲಿ ಜಪಾನ್ ಕೂಡ ಚಿನ್ನದ ಕಟ್ಟು ಬಿಚ್ಚಿತು, ಯೆನ್ ಜೋರಾಗಿ ಇಳಿಯಿತು. ಜಪಾನಿನ ಅಗ್ಗದ ರೇಷ್ಮೆ ನಮ್ಮ ಪೇಟೆಗೆ ನುಗ್ಗಿತು. ಕ್ಲೋಸ್‌ಪೇಟೆ ಅಂತ ಆಗ ಕರೆಯುತ್ತಿದ್ದ ರಾಮನಗರದಲ್ಲಿ, ಚನ್ನಪಟ್ಟಣದಲ್ಲಿ ಹುಳ ಸಾಕುವವರು, ನೂಲು ಬಿಚ್ಚುವವರು ಅದರ ಏಟು ತಿಂದರು. ಮುಕ್ಡೆನ್ ಎಲ್ಲಿ, ರಾಮನಗರ ಎಲ್ಲಿ ಅನ್ನಿಸಬಹುದು.

ಅದೇ ಡಿಸೆಂಬರ್‌ನಲ್ಲಿ ರಾಷ್ಟ್ರಗಳ ಸಂಘ ಮಂಚೂರಿಯಾ ವಿಚಾರಣೆಗೆ ಒಂದು ಆಯೋಗ ನೇಮಿಸಲು ತೀರ್ಮಾನಿಸಿತು. ಸ್ಫೋಟವಾಗಿ ಹೆಚ್ಚುಕಡಿಮೆ ಮೂರು ತಿಂಗಳಿಗೆ! ಅದರ ಅಧ್ಯಕ್ಷರಾದ ಲಾರ್ಡ್ ಲಿಟ್ಟನ್ ಹಿಂದೆ ಬಂಗಾಳದ ಗವರ್ನರ್ ಆಗಿದ್ದವರು. ವರದಿ ಬರುವಾಗ 1932 ಮುಗಿಯುತ್ತ ಬಂದಿತ್ತು, ಜಪಾನ್ 1933ರಲ್ಲಿ ಸಂಘಕ್ಕೇ ಕೈಮುಗಿದು ಎದ್ದುಹೋಯಿತು. ಸಂಘದ ದೊಡ್ಡ ಸದಸ್ಯರಿಗೆ ತಮ್ಮ ಬ್ಯಾಂಕುಗಳದ್ದೇ ಚಿಂತೆಯಾಗಿದ್ದ ಹೊತ್ತಿನಲ್ಲಿ ಬೇರೆ ಏನು ತಾನೇ ಆಗಬಹುದಿತ್ತು?

ನಾವಂತೂ ಆ ವರ್ಷವನ್ನು ಮರೆತಿದ್ದೇವೆ. 1991 ನೆನಪಿದೆ, ಡಾಲರ್ ಇಲ್ಲದೆ ಸರ್ಕಾರ ಸುಮಾರು 47 ಟನ್ ಚಿನ್ನ ಅಡ ಇಟ್ಟದ್ದು, ಅದಕ್ಕೆ ಜನ ತಲೆ ತಗ್ಗಿಸಿದ್ದು. ರಿಸರ್ವ್ ಬ್ಯಾಂಕ್ 2023–24ರಲ್ಲಿ ಬ್ರಿಟನ್ನಿನಲ್ಲಿದ್ದ ಸುಮಾರು 100 ಟನ್ ಚಿನ್ನ ವಾಪಸು ತಂದಾಗ ಎಲ್ಲರೂ ವಾಟ್ಸಾಪಿನಲ್ಲಿ ಹಂಚಿಕೊಂಡರು. 1931ರಲ್ಲಿ ಹೋದದ್ದು ಸರ್ಕಾರದ್ದಲ್ಲ, ಮನೆಮನೆಯದು. ಅದಕ್ಕೆ ತಲೆ ತಗ್ಗಿಸಿದ್ದೂ ಒಂದೊಂದೇ ಮನೆ, ಬಾಗಿಲು ಹಾಕಿಕೊಂಡು.

ಡಿಸೆಂಬರ್ 28ರ ಬೆಳಿಗ್ಗೆ ಗಾಂಧಿ ಬರಿಗೈಯಲ್ಲಿ ಬೊಂಬಾಯಿ ಬಂದರಿಗೆ ಇಳಿದರು. ದುಂಡುಮೇಜಿನಿಂದ ಏನೂ ಸಿಕ್ಕಿರಲಿಲ್ಲ. ಬಂದರಿನಲ್ಲಿ ಸ್ವಾಗತಕ್ಕೆ ಭಾರೀ ಜನ. ಅದೇ ವಾರಗಳಲ್ಲಿ ಅದೇ ಬಂದರಿನಿಂದ ಚಿನ್ನದ ಪೆಟ್ಟಿಗೆಗಳು ಹಡಗು ಹತ್ತುತ್ತಿದ್ದವು. ಒಂದು ವಾರ ಕಳೆದು, 1932ರ ಜನವರಿ 4ರಂದು ಅವರನ್ನು ಹಿಡಿದು ಯರವಡಾ ಜೈಲಿಗೆ ಹಾಕಿದರು. 1932–33ರಲ್ಲಿ ಹೊರಗೆ ಹೋದ ಚಿನ್ನ ಇನ್ನೂ ಜಾಸ್ತಿ, 65 ಕೋಟಿ ರೂಪಾಯಿಯದು.